ಟೈಗರ್ ಟ್ಯಾಂಕಿಗೆ ಎಷ್ಟು ಹೆಸರು?

ಹೋದ ತಿಂಗಳು ಇದೇ ಪುಟದಲ್ಲಿ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರಿಗೂ ರಷ್ಯನ್ನರಿಗೂ ನಡೆದ 1943ರ ಕುರ್ಸ್ಕ್ ಕಾಳಗದ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಕಾಳಗದ ಬಗ್ಗೆ ಕೇಳಿದವರು ಕಡಿಮೆ. ಜರ್ಮನ್ ಟ್ಯಾಂಕುಗಳ ಹೆಸರು ತಲೆ ಕೆಡಿಸಿದೆ ಅಂತ ಬರೆದವರೇ ಜಾಸ್ತಿ. ನಾನು 1979ರಿಂದ 2003ರವರೆಗೆ ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಕೆಲಸ ಮಾಡಿದವನು. ಹೆಸರು, ನಂಬರು ತಪ್ಪಿದರೆ ಏನಾಗುತ್ತದೆ ಅಂತ ಅನುಭವಿಸಿ ಗೊತ್ತು. ಅದಕ್ಕೆ ಈ ಸಲದ ಪುಟ ಪೂರ್ತಿ ಹೆಸರಿಗೇ ಇಟ್ಟಿದ್ದೇನೆ.

ಸುಬೇದಾರ್ ಸರ್, ಒಂದು ಪುಸ್ತಕದಲ್ಲಿ ‘ಟೈಗರ್ 1’ ಅಂತಿದೆ. ಇನ್ನೊಂದರಲ್ಲಿ ‘ಪಾಂಜರ್ 6, ಔಸ್ಫ್. ಇ’. ಒಂದು ಫೋಟೊ ಕೆಳಗೆ ‘ಎಸ್‌ಡಿ. ಕೆಎಫ್‌ಜೆಡ್. 181’. ಮತ್ತೊಂದು ಕಡೆ ‘ವಿಕೆ 45.01 (ಎಚ್)’. ಇವು ನಾಲ್ಕು ಬೇರೆ ಬೇರೆ ಟ್ಯಾಂಕುಗಳಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ನಾಲ್ಕೂ ಒಂದೇ ಗಾಡಿಯ ಹೆಸರು ತಮ್ಮಾ.

ನಿಮ್ಮೂರಿನ ಒಬ್ಬ ಮನುಷ್ಯನನ್ನು ನೆನೆಸಿಕೋ. ಮನೆಯಲ್ಲಿ ಅವನು ಪುಟ್ಟ. ಶಾಲೆಯ ಹಾಜರಿಯಲ್ಲಿ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್ ಸೇರಿದ ಉದ್ದ ಹೆಸರು. ರೇಷನ್ ಅಂಗಡಿಯಲ್ಲಿ ಒಂದು ಕಾರ್ಡ್ ನಂಬರು. ಗದ್ದೆ ಬದುವಿನಲ್ಲಿ ಗೆಳೆಯರು ಕೂಗುವ ಅಡ್ಡಹೆಸರು ಬೇರೆ. ಆಗದವರು ಕರೆಯುವ ಹೆಸರು ಇನ್ನೂ ಬೇರೆ. ಮನುಷ್ಯ ಒಬ್ಬನೇ. ಕರೆಯುವವರು ಬೇರೆ, ಅವರಿಗೆ ಅವನಿಂದ ಬೇಕಾದದ್ದು ಬೇರೆ.

ಜರ್ಮನ್ ಟ್ಯಾಂಕಿನದೂ ಇದೇ ಕತೆ. ಹೆಸರು ಕಂಡ ಕೂಡಲೇ ‘ಇದನ್ನು ಇಟ್ಟವರು ಯಾರು?’ ಅಂತ ಕೇಳಿಕೋ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

‘ವಿಕೆ 45.01 (ಎಚ್)’ ಅನ್ನುವುದು ನಕ್ಷೆ ಬರೆಯುವವರ ಹೆಸರು. ಗಾಡಿ ಇನ್ನೂ ಕಾಗದದ ಮೇಲೆ ಇದ್ದಾಗಲೇ ಇಟ್ಟದ್ದು. ವಿಕೆ ಅಂದರೆ ಪೂರ್ತಿ ಟ್ರ್ಯಾಕ್ ಮೇಲೆ ಓಡುವ ಗಾಡಿ. 45 ಅಂದರೆ 45 ಟನ್ನಿನ ವರ್ಗ. 01 ಅಂದರೆ ಆ ವರ್ಗದ ಮೊದಲನೇ ವಿನ್ಯಾಸ. ಎಚ್ ಅಂದರೆ ಹೆನ್ಷೆಲ್ ಕಂಪನಿ. ಅದೇ ಹೊತ್ತಿಗೆ ಪೋರ್ಷೆಯವರೂ ಒಂದು ಗಾಡಿ ಮಾಡುತ್ತಿದ್ದರು. ಅದು ವಿಕೆ 45.01 (ಪಿ). 1942ರ ಏಪ್ರಿಲ್ 20, ಹಿಟ್ಲರನ ಹುಟ್ಟುಹಬ್ಬದ ದಿನ, ಎರಡನ್ನೂ ರಾಸ್ಟನ್‌ಬರ್ಗ್‌ನಲ್ಲಿ ಅವನ ಮುಂದೆ ಓಡಿಸಿ ತೋರಿಸಿದರು. ಕೊನೆಗೆ ಆಯ್ಕೆಯಾದದ್ದು ಹೆನ್ಷೆಲ್‌ನದು. ತಯಾರಾಗಿ ಹೊರಗೆ ಬಂದಾಗ ಅದರ ತೂಕ 57 ಟನ್ ಆಗಿತ್ತು. ಆದರೆ ಹೆಸರಿನಲ್ಲಿ 45 ಹಾಗೇ ಉಳಿಯಿತು. ಹಾಗಾಗಿ ವಿಕೆ ನಂಬರು ನೋಡಿ ತೂಕ ಹೇಳಲು ಹೋಗಬೇಡ. ಅದು ಹೊರಟಾಗಿನ ಅಂದಾಜು ಮಾತ್ರ.

‘ಪಾಂಜರ್ 6’ ಅನ್ನುವುದು ಸೈನ್ಯದ ಕಚೇರಿಯ ಹೆಸರು. ಪೂರ್ತಿ ಹೇಳಿದರೆ ಪಾಂಜರ್‌ಕಾಂಪ್ಫ್‌ವಾಗನ್. ಪಾಂಜರ್ ಅಂದರೆ ಕವಚ, ಕಾಂಪ್ಫ್ ಅಂದರೆ ಕಾದಾಟ, ವಾಗನ್ ಅಂದರೆ ಗಾಡಿ. ಒಟ್ಟಿಗೆ ‘ಕವಚದ ಕಾದಾಟದ ಗಾಡಿ’. ನಾವು ಸಮಾಸ ಮಾಡಿದ ಹಾಗೆಯೇ ಜರ್ಮನ್ನರೂ ಪದಕ್ಕೆ ಪದ ಅಂಟಿಸುತ್ತಾರೆ. ಬಿಡಿಸಿ ಓದಿದರೆ ಎಂಥ ಉದ್ದದ ಹೆಸರೂ ಹೆದರಿಸುವುದಿಲ್ಲ. ಮುಂದಿನ 6, ಅವರು ರೋಮನ್ ಅಂಕಿಯಲ್ಲಿ ಬರೆಯುತ್ತಿದ್ದದ್ದು, ಆ ಸಾಲಿನಲ್ಲಿ ಇದು ಆರನೆಯದು ಅನ್ನುತ್ತದೆ.

‘ಎಸ್‌ಡಿ. ಕೆಎಫ್‌ಜೆಡ್. 181’ ಉಗ್ರಾಣದವರ ಹೆಸರು. ಸೊಂಡರ್‌ಕ್ರಾಫ್ಟ್‌ಫಾರ್‌ಜೊಯ್ಗ್ ಅನ್ನುವುದರ ಚಿಕ್ಕ ರೂಪ, ಅಂದರೆ ‘ವಿಶೇಷ ಮೋಟಾರು ವಾಹನ’. ಇಲ್ಲಿ ಸುಲಭಕ್ಕೆ ವಾಹನ ನಂಬರು ಅನ್ನೋಣ. ಈ ನಂಬರುಗಳಲ್ಲಿ ಒಂದು ಅಂದವಾದ ಲೆಕ್ಕ ಇದೆ. ನೂರಕ್ಕಿಂತ ಕೆಳಗಿನವು ಹೆಚ್ಚಾಗಿ ಕವಚ ಇಲ್ಲದ, ತೋಪು ಎಳೆಯುವ ಗಾಡಿಗಳು. ನೂರರ ಸಾಲಿನಲ್ಲಿ ಟ್ಯಾಂಕುಗಳು ಮತ್ತು ಟ್ಯಾಂಕಿನ ಚಾಸಿ ಮೇಲೆ ಕಟ್ಟಿದವು. ಇನ್ನೂರರ ಸಾಲಿನಲ್ಲಿ ಕವಚದ ಕಾರುಗಳು ಮತ್ತು ಹಾಫ್‌ಟ್ರ್ಯಾಕ್‌ಗಳು, ಅಂದರೆ ಮುಂದೆ ಚಕ್ರ, ಹಿಂದೆ ಟ್ರ್ಯಾಕ್ ಇರುವ ಗಾಡಿಗಳು. ಮುನ್ನೂರರ ಸಾಲಿನಲ್ಲಿ ಸ್ಫೋಟಕ ಹೊತ್ತು ಹೋಗುವ ಸಣ್ಣ ಗಾಡಿಗಳು. ಪಾಂಜರ್ 1 ಅಂದರೆ 101, ಪಾಂಜರ್ 2 ಅಂದರೆ 121, ಪಾಂಜರ್ 3 ಅಂದರೆ 141, ಪಾಂಜರ್ 4 ಅಂದರೆ 161. ಪ್ಯಾಂಥರ್ 171. ಟೈಗರ್ 181.

ಗಾಡಿಗೆ ಬೇರೆ ಕೆಲಸ ಕೊಟ್ಟರೆ ನಂಬರಿನ ಪಕ್ಕ ಒಂದು ಓರೆಗೆರೆ ಎಳೆದು ಇನ್ನೊಂದು ಅಂಕಿ ಸೇರಿಸುತ್ತಿದ್ದರು. 251 ಅನ್ನುವ ಹಾಫ್‌ಟ್ರ್ಯಾಕ್ ನೋಡು. 251/1 ಸೈನಿಕರನ್ನು ಕರೆದೊಯ್ಯುವುದು. 251/3 ರೇಡಿಯೊ ಗಾಡಿ. 251/8 ಆಂಬುಲೆನ್ಸ್. 251/16 ಬೆಂಕಿ ಉಗುಳುವುದು. ಓರೆಗೆರೆಯ ಮುಂದಿನ ಒಂದು ಅಂಕಿ ಬದಲಾದರೆ ಜೀವ ಉಳಿಸುವ ಗಾಡಿ ಜೀವ ಸುಡುವ ಗಾಡಿ ಆಗುತ್ತದೆ.

ಉಗ್ರಾಣದವರ ನಂಬರು ಒಣಕಲು ಅಂತ ಹುಡುಗರಿಗೆ ಅನ್ನಿಸಬಹುದು. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಕಾರಣ ಹೇಳುತ್ತೇನೆ. 1986ರಲ್ಲಿ ರಾಜಸ್ಥಾನದ ಮರಳಿನಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು. ಒಂದು ಟ್ಯಾಂಕಿನ ಡೀಸೆಲ್ ಪಂಪ್ ಕೆಟ್ಟಿತು. ಹೊಸದು ಕಳಿಸಿ ಅಂತ ಚೀಟಿ ಬರೆದವನು ನಾನು. ಟ್ಯಾಂಕಿನ ಹೆಸರು ಬರೆದೆ, ಪಂಪ್ ಅಂತ ಬರೆದೆ, ಯಾವ ಮಾರ್ಕ್ ಅಂತ ಬರೆಯಲಿಲ್ಲ. ಬಂದದ್ದು ಹಳೇ ಮಾರ್ಕಿನ ಪಂಪ್. ನೋಡಲು ಅದೇ ಥರ. ಆದರೆ ಬೋಲ್ಟಿನ ತೂತು ಒಂದಕ್ಕೊಂದು ಕೂಡಲಿಲ್ಲ. ಸರಿಯಾದದ್ದು ಬರುವ ತನಕ ಒಂಬತ್ತು ದಿನ ಆ ಟ್ಯಾಂಕ್ ಬಿಸಿಲಲ್ಲಿ ನಿಂತಿತು. ಅದರ ಡ್ರೈವರ್ ಒಂಬತ್ತು ರಾತ್ರಿ ಅದರ ಪಕ್ಕದಲ್ಲೇ ಮಲಗಿದ. ಅದು ತಾಲೀಮು. ಯುದ್ಧ ಆಗಿದ್ದರೆ ನಾಲ್ಕು ಜನರ ಪ್ರಾಣದ ಮಾತು. ಅವತ್ತಿನಿಂದ ನಾನು ಯಾವ ಗಾಡಿ ಕಂಡರೂ ಮೊದಲು ನಂಬರು ಓದುತ್ತೇನೆ.

ಔಸ್ಫ್. ಅಂದರೆ ಏನು? ಪಾಂಜರ್ 3ರಲ್ಲಿ ಎಚ್ ಆದ ಮೇಲೆ ಐ ಬರಬೇಕಿತ್ತು. ನೇರ ಜೆ ಬಂದಿದೆ. ಅಚ್ಚಿನ ತಪ್ಪಾ ತಾತ?
— ಹತ್ತನೇ ತರಗತಿ ಹುಡುಗಿ, ದಾವಣಗೆರೆ

ಅಚ್ಚಿನ ತಪ್ಪಲ್ಲ ಮಗು. ಇಷ್ಟು ಗಮನ ಇಟ್ಟು ಓದಿದ್ದೀಯಲ್ಲ, ಖುಷಿ ಆಯಿತು.

ಔಸ್ಫ್. ಅಂದರೆ ಔಸ್‌ಫ್ಯೂರುಂಗ್. ‘ಈ ರೂಪದಲ್ಲಿ ಮಾಡಿದ್ದು’ ಅನ್ನುವ ಅರ್ಥ. ನಮ್ಮ ಸೈನ್ಯದಲ್ಲಿ ಮಾರ್ಕ್ 1, ಮಾರ್ಕ್ 1ಎ ಅನ್ನುತ್ತೇವೆ. ಅರ್ಜುನ್ ಟ್ಯಾಂಕಿನ ಹೆಸರು ಪೇಪರಿನಲ್ಲಿ ಬಂದಾಗ ನೋಡಿರುತ್ತೀಯ. ಅದೇ ಕೆಲಸವನ್ನು ಜರ್ಮನ್ನರು ಅಕ್ಷರದಿಂದ ಮಾಡುತ್ತಿದ್ದರು. ಕವಚ ದಪ್ಪ ಮಾಡಿದರು, ಎಂಜಿನ್ ಬದಲಿಸಿದರು, ಗನ್ ಉದ್ದ ಮಾಡಿದರು ಅಂದರೆ ಮುಂದಿನ ಅಕ್ಷರ.

ಐ ಅಕ್ಷರ ಬಿಟ್ಟದ್ದು ಓದುವಾಗ ಎಡವಬಾರದು ಅಂತ. ಹಳೇ ಜರ್ಮನ್ ಬರಹದಲ್ಲಿ ದೊಡ್ಡ ಐ ಮತ್ತು ದೊಡ್ಡ ಜೆ ಒಂದೇ ಥರ ಕಾಣುತ್ತವೆ. ಸಾಲದ್ದಕ್ಕೆ ರೋಮನ್ ಒಂದು ಕೂಡ ಐ ಥರಾನೇ. ಹಾಗಾಗಿ ಪಾಂಜರ್ 3ರಲ್ಲೂ 4ರಲ್ಲೂ ಎಚ್ ಆದ ಮೇಲೆ ಜೆ.

ಆದರೆ ಅಕ್ಷರಮಾಲೆಯ ಕ್ರಮ ಎಲ್ಲಾ ಕಡೆ ನಡೆಯುತ್ತದೆ ಅಂತ ನಂಬಬೇಡ. ಪ್ಯಾಂಥರ್ ನೋಡು. 1943ರ ಆರಂಭದಲ್ಲಿ ಮೊದಲು ಬಂದದ್ದು ಡಿ. ಅದೇ ವರ್ಷ ಅದರ ನಂತರ ಬಂದದ್ದು ಎ. 1944ರಲ್ಲಿ ಬಂದದ್ದು ಜಿ. ಎ ಅಂತ ಕಂಡು ‘ಇದೇ ಮೊದಲನೆಯದು’ ಅಂತ ಬರೆದವರು ಎಷ್ಟೋ ಜನ. ಟೈಗರ್‌ನಲ್ಲಿ ಇನ್ನೂ ವಿಚಿತ್ರ. ಮೊದಲನೇ ಟೈಗರ್‌ಗೆ ಇ, ಅದರ ನಂತರದ ಪೂರ್ತಿ ಹೊಸ ಟೈಗರ್‌ಗೆ ಬಿ.

ಹಿಂದಕ್ಕೆ ಹೋಗಿ ಹೆಸರು ಬದಲಿಸಿದ್ದೂ ಇದೆ. 1942ರಲ್ಲಿ ಪಾಂಜರ್ 4ಕ್ಕೆ ಉದ್ದ ಗನ್ ಹಾಕಿದರು. ಮೊದಲು ಅದನ್ನು ಎಫ್2 ಅಂದರು. ಗಿಡ್ಡ ಗನ್ ಇದ್ದದ್ದು ಎಫ್1 ಆಯಿತು. ಸ್ವಲ್ಪ ದಿನದಲ್ಲೇ ಎಫ್2 ಅನ್ನುವುದನ್ನು ಜಿ ಅಂತ ಮಾಡಿದರು. ಆಗ ಎಫ್1 ಮತ್ತೆ ಬರೀ ಎಫ್ ಆಯಿತು. ಅದೇ ಗಾಡಿಯನ್ನು ಉತ್ತರ ಆಫ್ರಿಕಾದಲ್ಲಿ ಎದುರಿಸಿದ ಬ್ರಿಟಿಷರಿಗೆ ಈ ಕಚೇರಿ ಕಾಗದ ಯಾವುದೂ ಗೊತ್ತಿಲ್ಲ. ಗನ್ ಉದ್ದ ಇದೆ, ದೂರದಿಂದಲೇ ಹೊಡೆಯುತ್ತದೆ, ಅಷ್ಟೇ ಗೊತ್ತು. ಅವರು ಅದನ್ನು ‘ಮಾರ್ಕ್ 4 ಸ್ಪೆಷಲ್’ ಅಂದರು. ಒಂದೇ ಗಾಡಿಗೆ ಎಫ್2, ಜಿ, ಸ್ಪೆಷಲ್, ಮೂರು ಹೆಸರು ಒಂದೇ ವರ್ಷದಲ್ಲಿ.

38(ಟಿ) ಅನ್ನುವ ಟ್ಯಾಂಕಿನ ಮಾಡೆಲ್ ಕಿಟ್ ತಂದೆ. ‘ಟಿ’ ಅಂದರೆ ಟನ್, 38 ಟನ್ ತೂಕ ಅಂತ ನನ್ನ ಅಣ್ಣ ಹೇಳುತ್ತಾನೆ. ಡಬ್ಬದ ಮೇಲಿನ ಚಿತ್ರದಲ್ಲಿ ಟ್ಯಾಂಕ್ ಬಹಳ ಚಿಕ್ಕದಾಗಿದೆ. ಯಾರು ಸರಿ?
— ಮಾಡೆಲ್ ಕಟ್ಟುವ ಹುಡುಗ, ಮಂಗಳೂರು

ನಿನ್ನ ಕಣ್ಣು ಸರಿ. ಆ ಗಾಡಿಯ ತೂಕ ಹತ್ತು ಟನ್ನೂ ಇಲ್ಲ. ನಿನ್ನ ಅಣ್ಣನನ್ನು ಬೈಯಬೇಡ. ಈ ತಪ್ಪನ್ನು ದೊಡ್ಡ ದೊಡ್ಡವರೂ ಮಾಡಿದ್ದಾರೆ.

ಬ್ರಾಕೆಟ್ಟಿನೊಳಗಿನ ಟಿ ಅಂದರೆ ‘ಚೆಕ್’. ಜರ್ಮನ್ನಿನಲ್ಲಿ ಚೆಕ್ ಅನ್ನುವ ಪದ ಟಿ ಅಕ್ಷರದಿಂದ ಶುರುವಾಗುತ್ತದೆ. 38 ಅನ್ನುವುದು ಚೆಕ್ ಸೈನ್ಯದವರೇ ಇಟ್ಟಿದ್ದ ಮಾದರಿ ವರ್ಷ, 1938. ಪ್ರಾಗ್‌ನ ಸಿಕೆಡಿ ಕಾರ್ಖಾನೆ ತನ್ನ ದೇಶದ ಸೈನ್ಯಕ್ಕೆ ಅಂತ ತಯಾರು ಮಾಡುತ್ತಿದ್ದ ಗಾಡಿ ಅದು. 1939ರ ಮಾರ್ಚ್‌ನಲ್ಲಿ ಜರ್ಮನಿ ಚೆಕ್ ನಾಡನ್ನೇ ನುಂಗಿತು. ಕಾರ್ಖಾನೆ, ನಕ್ಷೆ, ಅರ್ಧ ಕಟ್ಟಿದ ಟ್ಯಾಂಕು, ಕೆಲಸಗಾರರು, ಎಲ್ಲಾ ಅವರ ಕೈಗೆ ಹೋಯಿತು. ಮರುವರ್ಷ ಫ್ರಾನ್ಸಿಗೆ ನುಗ್ಗಿದ ಜರ್ಮನ್ ಸೇನಾನಿ ರೋಮೆಲ್‌ನ 7ನೇ ಪಾಂಜರ್ ಡಿವಿಷನ್ನಿನಲ್ಲಿ ಹೆಚ್ಚಿನ ಬಲ ಇದ್ದದ್ದು ಇದೇ ಚೆಕ್ ಟ್ಯಾಂಕುಗಳದ್ದು.

ಕಿತ್ತುಕೊಂಡ ಗಾಡಿಗಳಿಗೆಲ್ಲ ಹೀಗೆ ಬ್ರಾಕೆಟ್ಟಿನಲ್ಲಿ ಒಂದು ಅಕ್ಷರ. ಫ್ರಾನ್ಸಿನದಕ್ಕೆ ಎಫ್, ರಷ್ಯಾದ್ದಕ್ಕೆ ಆರ್, ಇಂಗ್ಲೆಂಡಿನದಕ್ಕೆ ಇ, ಅಮೆರಿಕದ್ದಕ್ಕೆ ಎ, ಇಟಲಿಯದಕ್ಕೆ ಐ. ಟ್ಯಾಂಕಾದರೆ ಹೆಚ್ಚಾಗಿ ಜೊತೆಗೆ ಏಳುನೂರರ ಸಾಲಿನ ಒಂದು ನಂಬರು. ರಷ್ಯಾದ ಟಿ-34 ಜರ್ಮನ್ನರ ಕೈಗೆ ಸಿಕ್ಕಿದರೆ ಅದು ಪಾಂಜರ್ 747(ಆರ್). ಫ್ರಾನ್ಸಿನ ದೊಡ್ಡ ಬಿ1 ಟ್ಯಾಂಕ್ 740(ಎಫ್). ಅಮೆರಿಕದ ಶರ್ಮನ್ 748(ಎ).

ನಾನು ಈ ಪಟ್ಟಿಯನ್ನು ಮೊದಲ ಸಲ ನೋಡಿದಾಗ ಬಹಳ ಹೊತ್ತು ಸುಮ್ನೆ ಕೂತೆ. ಒಂದು ಬ್ರಾಕೆಟ್ಟಿನ ಒಳಗೆ ಒಂದು ದೇಶ. ಈ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಜರ್ಮನ್ ಸೈನ್ಯ ಯಾರ್ಯಾರಿಂದ ಕಿತ್ತುಕೊಂಡಿತು ಅನ್ನುವುದೆಲ್ಲ ಕಾಣುತ್ತದೆ. ಮಾಡೆಲ್‌ಗೆ ಬಣ್ಣ ಹಚ್ಚುವಾಗ ಆ ಟಿ ಅಕ್ಷರ ನೆನಪಿರಲಿ ಮಗಾ. ಅದನ್ನು ಕಟ್ಟಿದ ಪ್ರಾಗ್‌ನ ಕೆಲಸಗಾರ ಜರ್ಮನ್ ಸೈನ್ಯಕ್ಕೆ ಅಂತ ಅದನ್ನು ಕಟ್ಟಲು ಶುರು ಮಾಡಿರಲಿಲ್ಲ.

ಜರ್ಮನ್ನರ ಮೊದಲ ಟ್ಯಾಂಕಿನ ಹೆಸರು ‘ವ್ಯವಸಾಯದ ಟ್ರ್ಯಾಕ್ಟರ್’ ಅಂತ ಓದಿದೆ. ಇದು ನಿಜವೇ? ಪಾಠದಲ್ಲಿ ಹೇಳಬೇಕು, ಖಚಿತ ಮಾಡಿ.
— ಸಮಾಜ ವಿಜ್ಞಾನ ಶಿಕ್ಷಕಿ, ಶಿರಸಿ

ಹೆಸರು ನಿಜ ಮೇಡಂ, ಧೈರ್ಯವಾಗಿ ಹೇಳಿ. ಆದರೆ ‘ಮೊದಲ ಟ್ಯಾಂಕ್’ ಅನ್ನಬೇಡಿ, ಮೊದಲ ಮಹಾಯುದ್ಧದಲ್ಲೇ ಜರ್ಮನ್ನರ ಹತ್ತಿರ ಟ್ಯಾಂಕ್ ಇತ್ತು.

1919ರ ವರ್ಸೇಲ್ಸ್ ಒಪ್ಪಂದ ನೀವು ಪಾಠ ಮಾಡಿಯೇ ಇರುತ್ತೀರಿ. ಅದರ 171ನೇ ಕಲಮಿನ ಪ್ರಕಾರ ಜರ್ಮನಿ ಟ್ಯಾಂಕ್ ತಯಾರಿಸುವ ಹಾಗಿಲ್ಲ, ಹೊರಗಿನಿಂದ ತರಿಸುವ ಹಾಗೂ ಇಲ್ಲ. ಆದರೆ ಸೈನ್ಯದವರು ಕೈಕಟ್ಟಿ ಕೂರಲಿಲ್ಲ. 1920ರ ದಶಕದ ಕೊನೆಯಲ್ಲಿ ಮೂರು ಕಂಪನಿಗಳಿಂದ ಟ್ಯಾಂಕ್ ಮಾಡಿಸಿದರು. ಹೆಸರು ಮಾತ್ರ ‘ದೊಡ್ಡ ಟ್ರ್ಯಾಕ್ಟರ್’, ‘ಹಗುರ ಟ್ರ್ಯಾಕ್ಟರ್’. ಅವುಗಳನ್ನು ಓಡಿಸಿ ನೋಡಲು ಸೋವಿಯತ್ ರಷ್ಯಾದ ಕಜಾನ್ ಹತ್ತಿರ 1929ರಿಂದ 1933ರವರೆಗೆ ಒಂದು ಗುಟ್ಟಿನ ಶಾಲೆ ನಡೆಸಿದರು. ಆ ಶಾಲೆಯ ಹೆಸರು ‘ಕಾಮಾ’. ಕಜಾನ್ ಊರಿನ ಕಾ, ಜಾಗ ಹುಡುಕಿದ ಮಾಲ್‌ಬ್ರಾಂಟ್ ಅನ್ನುವ ಅಧಿಕಾರಿಯ ಮಾ.

ನೀವು ಓದಿದ್ದು ಪಾಂಜರ್ 1ರ ಬಗ್ಗೆ. ಅದರ ಮುಚ್ಚುಹೆಸರು ‘ಲ್ಯಾಂಡ್‌ವಿರ್ಟ್‌ಶಾಫ್ಟ್‌ಲಿಖರ್ ಶ್ಲೆಪ್ಪರ್’. ಚಿಕ್ಕದಾಗಿ ಲಾಸ್. ಅಂದರೆ ವ್ಯವಸಾಯದ ಎಳೆಯುವ ಗಾಡಿ. ಐದೂವರೆ ಟನ್ ತೂಕ, ಎರಡು ಮೆಷಿನ್ ಗನ್, ಇಬ್ಬರು ಜನ. ಅದರ ನಂತರದ ಪಾಂಜರ್ 2 ಕೂಡ ಲಾಸ್ 100.

ಪಾಂಜರ್ 3 ಮತ್ತು 4ರ ಕತೆಯನ್ನೂ ಮಕ್ಕಳಿಗೆ ಹೇಳಿ. ಪಾಂಜರ್ 3ರ ಗುಟ್ಟಿನ ಹೆಸರು ಜೆಡ್‌ಡಬ್ಲ್ಯೂ, ಅಂದರೆ ‘ಪ್ಲಟೂನ್ ನಾಯಕನ ಗಾಡಿ’. ಪಾಂಜರ್ 4ರದ್ದು ಬಿಡಬ್ಲ್ಯೂ, ‘ಜೊತೆಗೆ ಹೋಗುವ ಗಾಡಿ’ ಅಥವಾ ‘ಬೆಟಾಲಿಯನ್ ನಾಯಕನ ಗಾಡಿ’. ಯಾರಾದರೂ ಕೇಳಿದರೆ ಸಾಹೇಬರು ಓಡಾಡುವ ಗಾಡಿ ಅನ್ನಿಸಬೇಕು. 1935ರ ಮಾರ್ಚ್‌ನಲ್ಲಿ ಹಿಟ್ಲರ್ ಒಪ್ಪಂದವನ್ನು ಬಹಿರಂಗವಾಗಿ ತಳ್ಳಿಹಾಕಿದ. ಆಮೇಲೆ ಮುಚ್ಚಿಡುವ ಅಗತ್ಯ ಹೋಯಿತು. ಆದರೂ ಕಾರ್ಖಾನೆಯ ಕಾಗದದಲ್ಲಿ ಬಿಡಬ್ಲ್ಯೂ ಹಾಗೇ ಉಳಿಯಿತು. ಪಾಂಜರ್ 4 ಔಸ್ಫ್. ಎ ಅಲ್ಲಿ 1/ಬಿಡಬ್ಲ್ಯೂ. ಔಸ್ಫ್. ಬಿ ಅಂದರೆ 2/ಬಿಡಬ್ಲ್ಯೂ. ಚಿಕ್ಕಂದಿನಲ್ಲಿ ದೃಷ್ಟಿ ತಾಗದಿರಲಿ ಅಂತ ಇಟ್ಟ ಹೆಸರು ದೊಡ್ಡವನಾದ ಮೇಲೂ ಮನೆಯಲ್ಲಿ ಉಳಿಯುತ್ತದಲ್ಲ, ಹಾಗೆ.

‘8.8 ಸೆಂ.ಮೀ. ಕೆಡಬ್ಲ್ಯೂಕೆ 36 ಎಲ್/56’. ಇದನ್ನು ಓದುವುದು ಹೇಗೆ?
— ಲೇತ್ ಕೆಲಸಗಾರ, ಪೀಣ್ಯ, ಬೆಂಗಳೂರು

ನೀವು ಲೇತ್ ಮೇಲೆ ಕೆಲಸ ಮಾಡುವವರು, ಒಂದೇ ನಿಮಿಷದಲ್ಲಿ ಹಿಡಿಯುತ್ತೀರಿ. 8.8 ಸೆಂಟಿಮೀಟರ್ ಅಂದರೆ ಬ್ಯಾರೆಲ್ಲಿನ ಒಳ ಅಳತೆ, ಗುಂಡು ಹೋಗುವ ತೂತು. ಕೆಡಬ್ಲ್ಯೂಕೆ ಅಂದರೆ ಟ್ಯಾಂಕಿನೊಳಗೆ ಕೂರಿಸಿದ ಗನ್. ನೆಲದ ಮೇಲೆ ನಿಂತು ಟ್ಯಾಂಕ್ ಹೊಡೆಯುವುದಾದರೆ ಪಾಕ್. ವಿಮಾನ ಹೊಡೆಯುವುದಾದರೆ ಫ್ಲಾಕ್. 36 ಅಂದರೆ ಮಾದರಿಯ ವರ್ಷ. ಎಲ್/56 ಅಂದರೆ ಬ್ಯಾರೆಲ್ಲಿನ ಉದ್ದ ಆ ತೂತಿನ 56 ಪಟ್ಟು. ಗುಣಿಸಿ ನೋಡಿ. 8.8ಕ್ಕೆ 56, ಅಂದರೆ 4 ಮೀಟರ್ 93 ಸೆಂಟಿಮೀಟರ್. ಎರಡನೇ ಟೈಗರಿನದು ಎಲ್/71. ತೂತು ಅಷ್ಟೇ, ಉದ್ದ ಆರೂಕಾಲು ಮೀಟರ್. ಬ್ಯಾರೆಲ್ ಉದ್ದ ಆದಷ್ಟೂ ಗುಂಡಿನ ಹಿಂದೆ ಒತ್ತಡ ಹೆಚ್ಚು ಹೊತ್ತು ಇರುತ್ತದೆ, ವೇಗ ಜಾಸ್ತಿ ಆಗುತ್ತದೆ. ಮೊದಮೊದಲ ಪಾಂಜರ್ 4ರ ಗನ್ ಎಲ್/24, ಬರೀ ಗಿಡ್ಡ. ಅದು ಕಾಲಾಳುಗಳಿಗೆ ನೆರವಾಗಲು ಮಾಡಿದ್ದು, ಟ್ಯಾಂಕ್ ಹೊಡೆಯಲು ಅಲ್ಲ. ಈ ಒಂದು ಅಂಕಿ ನೋಡಿದರೆ ಗಾಡಿಯ ಕೆಲಸ ಏನು ಅಂತ ಗೊತ್ತಾಗುತ್ತದೆ.

ಟ್ಯಾಂಕುಗಳಿಗೆ ಹುಲಿ, ಚಿರತೆ ಅಂತ ಹೆಸರಿಟ್ಟವರು ಯಾರು? ‘ಕಿಂಗ್ ಟೈಗರ್’ ಅಂದರೆ ಹುಲಿಗಳ ರಾಜನಾ?
— ಓದುಗ, ಗುಂಡ್ಲುಪೇಟೆ

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದಕ್ಕೆ ಉತ್ತರ ನಿಮ್ಮ ಮನೆ ಹಿಂದೆಯೇ ಇದೆ.

ಎರಡನೇ ಟೈಗರನ್ನು ಜರ್ಮನ್ನರು ‘ಕ್ಯೋನಿಗ್‌ಸ್ಟೀಗರ್’ ಅನ್ನುತ್ತಿದ್ದರು. ಕ್ಯೋನಿಗ್ ಅಂದರೆ ರಾಜ. ಬ್ರಿಟಿಷರು, ಅಮೆರಿಕದವರು ಪದಕ್ಕೆ ಪದ ಇಟ್ಟು ‘ಕಿಂಗ್ ಟೈಗರ್’, ‘ರಾಯಲ್ ಟೈಗರ್’ ಅಂದರು. ಆದರೆ ಜರ್ಮನ್ ಭಾಷೆಯಲ್ಲಿ ಕ್ಯೋನಿಗ್‌ಸ್ಟೀಗರ್ ಅನ್ನುವುದು ಒಂದು ಪ್ರಾಣಿಯ ಹೆಸರು. ನಾವು ಬಂಗಾಳದ ಹುಲಿ ಅನ್ನುತ್ತೇವಲ್ಲ, ಅದೇ. ನಿಮ್ಮ ಬಂಡೀಪುರದಲ್ಲಿ, ಆಚೆ ನಾಗರಹೊಳೆಯಲ್ಲಿ ಓಡಾಡುವುದು ಅದೇ ಹುಲಿ. ಎಪ್ಪತ್ತು ಟನ್ನಿನ ಆ ಜರ್ಮನ್ ಗಾಡಿ ಹೊತ್ತಿದ್ದದ್ದು ನಿಮ್ಮ ಕಾಡಿನ ಹುಲಿಯ ಹೆಸರು.

ಅದೇ ಟ್ಯಾಂಕಿನಲ್ಲಿ ಇನ್ನೊಂದು ತಪ್ಪು ಹೆಸರೂ ಇದೆ. ಮೊದಲ 50 ಗಾಡಿಗಳ ಟರೆಟ್ಟಿಗೆ, ಅಂದರೆ ಗನ್ ಕೂರುವ ತಿರುಗುವ ಗೂಡಿಗೆ, ‘ಪೋರ್ಷೆ ಟರೆಟ್’, ಆಮೇಲಿನವಕ್ಕೆ ‘ಹೆನ್ಷೆಲ್ ಟರೆಟ್’ ಅಂತ ಇವತ್ತಿಗೂ ಬರೆಯುತ್ತಾರೆ. ನಿಜದಲ್ಲಿ ಎರಡನ್ನೂ ವಿನ್ಯಾಸ ಮಾಡಿದ್ದು ಕ್ರುಪ್ ಕಂಪನಿ. ಕೆಲಸ ಮಾಡಿದವನ ಹೆಸರು ಹೋಗಿ ಬೇರೆಯವರ ಹೆಸರು ಉಳಿಯಿತು. ಮೆಕ್ಯಾನಿಕ್ ಆಗಿದ್ದ ನನಗೆ ಇದು ನೋವಿನ ಮಾತು.

ಹೆಸರಿಟ್ಟವರು ಯಾರು ಅಂದರೆ ಒಬ್ಬರಲ್ಲ. ಕೆಲವು ಮೇಲಿನಿಂದ ಬಂದವು. ಪ್ಯಾಂಥರ್ ಮೊದಲು ಪಾಂಜರ್ 5. 1944ರ ಫೆಬ್ರವರಿ 27ರಂದು ಆ ಐದನ್ನು ತೆಗೆದು ಬರೀ ಪ್ಯಾಂಥರ್ ಅನ್ನಿ ಅಂತ ಹಿಟ್ಲರ್ ಆಜ್ಞೆ ಮಾಡಿದ. ಹಾರ್ನಿಸ್ಸೆ, ಅಂದರೆ ಕಡಜ, ಅನ್ನುವ ಗಾಡಿಯನ್ನು ಅವನೇ ನಾಸ್‌ಹಾರ್ನ್ ಮಾಡಿದ. ನಾಸ್‌ಹಾರ್ನ್ ಅಂದರೆ ಘೇಂಡಾಮೃಗ. ಪೋರ್ಷೆಯವರ ಆಯ್ಕೆಯಾಗದ ಟೈಗರ್ ಇತ್ತಲ್ಲ, ಅದರ 90ರಷ್ಟು ಚಾಸಿ ಆಗಲೇ ತಯಾರಾಗಿ ಬಿದ್ದಿದ್ದವು. ಅವುಗಳ ಮೇಲೆ ದಪ್ಪ ಕವಚದ ಪೆಟ್ಟಿಗೆ ಕಟ್ಟಿ ಕುರ್ಸ್ಕ್‌ಗೆ ಕಳಿಸಿದರು. ಫರ್ಡಿನೆಂಡ್ ಪೋರ್ಷೆ ಹೆಸರಿನಿಂದಲೇ ಅದು ‘ಫರ್ಡಿನೆಂಡ್’. 1944ರಲ್ಲಿ ಅದು ‘ಎಲೆಫಾಂಟ್’ ಆಯಿತು. ಆನೆ.

ಫಿರಂಗಿ ಹೊತ್ತ ಗಾಡಿಗಳಿಗೆ ಹುಳಗಳ ಹೆಸರು. ವೆಸ್ಪೆ ಅಂದರೆ ಕಣಜ, ಹುಮ್ಮೆಲ್ ಅಂದರೆ ದುಂಬಿ, ಗ್ರಿಲ್ಲೆ ಅಂದರೆ ಜೀರುಂಡೆ. ವಿಮಾನ ಹೊಡೆಯುವ ಗಾಡಿಗಳಿಗೆ ಗಾಳಿಯ ಹೆಸರು. ವಿರ್ಬೆಲ್‌ವಿಂಡ್ ಅಂದರೆ ಸುಂಟರಗಾಳಿ, ಓಸ್ಟ್‌ವಿಂಡ್ ಅಂದರೆ ಮೂಡಣ ಗಾಳಿ. ಆ ಗುಂಪಿನದೇ ಇನ್ನೊಂದಕ್ಕೆ ಎತ್ತರದ ಚೌಕ ಗೋಡೆ ಇತ್ತು. ಅದು ‘ಮ್ಯೋಬೆಲ್‌ವಾಗನ್’, ಮನೆ ಸಾಮಾನು ಸಾಗಿಸುವ ಗಾಡಿ. 188 ಟನ್ನಿನ ದೈತ್ಯ ಗಾಡಿಗೆ ‘ಮೌಸ್’ ಅಂತ ಹೆಸರು. ಇಲಿ. ಎರಡೇ ಎರಡು ಕಟ್ಟಿದರು.

ಶತ್ರುಗಳು ಇಟ್ಟ ಹೆಸರೂ ಉಳಿದುಕೊಂಡಿವೆ. ‘ಬ್ರುಮ್‌ಬೇರ್’ ಅನ್ನುವುದನ್ನು ಜರ್ಮನ್ ಹೆಸರು ಅಂತ ಎಲ್ಲರೂ ತಿಳಿದಿದ್ದಾರೆ. ಅದು ಮಿತ್ರಪಕ್ಷದ ಬೇಹುಗಾರರು ಬಳಸಿದ ಹೆಸರು. ಅದನ್ನು ಓಡಿಸಿದ ಜರ್ಮನ್ ಹುಡುಗರು ‘ಸ್ಟುಪಾ’ ಅನ್ನುತ್ತಿದ್ದರು. ಸ್ಟುರ್ಮ್‌ಪಾಂಜರ್ ಅನ್ನುವುದರ ಚಿಕ್ಕ ರೂಪ.

ನಾಜಿಗಳ ಕೊಲ್ಲುವ ಯಂತ್ರಗಳಿಗೆ ಇಷ್ಟು ಪುಟ ಯಾಕೆ? ಮಕ್ಕಳು ಟೈಗರ್ ಅಂದರೆ ಹೀರೊ ಅಂದುಕೊಳ್ಳುವುದಿಲ್ಲವೇ? ನಮಗೂ ಅದಕ್ಕೂ ಏನು ಸಂಬಂಧ?
— ನಿವೃತ್ತ ಅಧ್ಯಾಪಕರು, ಧಾರವಾಡ

ಗುರುಗಳೇ, ನೀವು ಕೇಳಿದ್ದು ನ್ಯಾಯ. ಹುಲಿ ಅನ್ನುವ ಹೆಸರಿಗೆ ಒಂದು ಸೆಳೆತ ಇದೆ. 181 ಅನ್ನುವ ನಂಬರಿಗೆ ಅದಿಲ್ಲ. ಆ ಸೆಳೆತ ಕಳಚಬೇಕು ಅಂತಲೇ ನಾನು ಹುಡುಗರಿಗೆ ನಂಬರು ಓದಲು ಕಲಿಸುತ್ತಿದ್ದೇನೆ.

ಟೈಗರ್ ತಯಾರಾಗಿದ್ದು ಕಾಸೆಲ್ ನಗರದ ಹೆನ್ಷೆಲ್ ಕಾರ್ಖಾನೆಯಲ್ಲಿ. ಅಲ್ಲಿ ಬೇರೆ ದೇಶಗಳಿಂದ ಬಲವಂತವಾಗಿ ಹಿಡಿದು ತಂದವರನ್ನು ದುಡಿಸಿಕೊಂಡರು. ಆಸ್ಟ್ರಿಯಾದ ಸೇಂಟ್ ವ್ಯಾಲೆಂಟಿನ್‌ನಲ್ಲಿ ಪಾಂಜರ್ 4 ಕಟ್ಟುವ ಕಾರ್ಖಾನೆ ಇತ್ತು. ಅದರ ಪಕ್ಕದಲ್ಲೇ ಮೌಟ್‌ಹೌಸೆನ್ ಸೆರೆಶಿಬಿರದ ಒಂದು ಶಾಖೆ. ಗಾಡಿಯ ಹೆಸರಿನಲ್ಲಿ ಹೆನ್ಷೆಲ್‌ನ ಎಚ್ ಇದೆ, ಪೋರ್ಷೆಯ ಪಿ ಇದೆ. ಅದನ್ನು ಹಸಿದ ಹೊಟ್ಟೆಯಲ್ಲಿ ಕಟ್ಟಿದವರ ಒಂದು ಅಕ್ಷರವೂ ಇಲ್ಲ.

ನಮಗೂ ಸಂಬಂಧ ಇದೆ. ಉತ್ತರ ಆಫ್ರಿಕಾ, ಇಟಲಿಗಳಲ್ಲಿ ಈ ಸೈನ್ಯದ ಎದುರು ಭಾರತದ ಡಿವಿಷನ್‌ಗಳು ನಿಂತಿದ್ದವು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆಯಲ್ಲ, ಅಲ್ಲಿಂದ ಹೋದವರು ಸುಬೇದಾರ್ ಸುಬ್ರಮಣ್ಯಂ. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಹತ್ತಿರ ನೆಲಬಾಂಬ್ ತೆಗೆಯುವ ಕೆಲಸದಲ್ಲಿದ್ದರು. ಒಂದು ಬಾಂಬ್ ಸಿಡಿಯುವುದು ಗೊತ್ತಾದಾಗ ಜೊತೆಯವರನ್ನು ಉಳಿಸಲು ಅದರ ಮೇಲೆ ತಾವೇ ಬಿದ್ದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಅನ್ನುವ ಬ್ರಿಟಿಷ್ ಶೌರ್ಯಪದಕ ಸಿಕ್ಕಿತು. ಟೈಗರ್ ಹೆಸರು ಗೊತ್ತಿರುವ ಪ್ರತಿ ಹುಡುಗನಿಗೂ ಅವರ ಹೆಸರು ಗೊತ್ತಾಗಬೇಕು ಗುರುಗಳೇ. ನನ್ನ ಪುಟದಲ್ಲಿ ಜಾಗ ಇರುವಷ್ಟು ದಿನ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಟರೆಟ್ ಮೇಲೆ 131 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದೂ ಮಾದರಿ ನಂಬರಾ?
— ಓದುಗ, ಬಳ್ಳಾರಿ

ಅಲ್ಲ. ಅದು ಆ ಒಂದು ಗಾಡಿ ಸೈನ್ಯದಲ್ಲಿ ಎಲ್ಲಿ ನಿಲ್ಲುತ್ತದೆ ಅನ್ನುವುದು. 1ನೇ ಕಂಪನಿ, 3ನೇ ಪ್ಲಟೂನ್, 1ನೇ ಗಾಡಿ. ನೀವು ಹೇಳಿದ 131 ಬಹಳ ಹೆಸರಾದ ಗಾಡಿ. 504ನೇ ಭಾರಿ ಟ್ಯಾಂಕ್ ಬೆಟಾಲಿಯನ್ನಿನದು. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿತು. ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿದೆ. ಎಂಜಿನ್ ಇವತ್ತಿಗೂ ಓಡುತ್ತದೆ.

ಭಾರತದಲ್ಲಿ ಆ ಕಾಲದ ಜರ್ಮನ್ ಗಾಡಿ ನೋಡಲು ಸಿಗುತ್ತದಾ?
— ದಂಪತಿ, ಬೆಳಗಾವಿ

ನಿಮಗೆ ಹತ್ತಿರವೇ. ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, ಈಗ ಅಹಿಲ್ಯಾನಗರ ಅನ್ನುತ್ತಾರೆ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. 1994ರಲ್ಲಿ ಶುರುವಾದದ್ದು. ಟೈಗರ್ ಇಲ್ಲ. ಆದರೆ ಜರ್ಮನ್ನರ ಒಂದು ‘ಶ್ವೇರರ್ ಪಾಂಜರ್‌ಶ್ಪೇವಾಗನ್’ ಇದೆ. ಇಷ್ಟು ಓದಿದ ಮೇಲೆ ನೀವೇ ಬಿಡಿಸಬಹುದು. ಶ್ವೇರರ್ ಅಂದರೆ ಭಾರಿ. ಪಾಂಜರ್ ಗೊತ್ತು, ವಾಗನ್ ಗೊತ್ತು. ಮಧ್ಯದ ಶ್ಪೇ ಅಂದರೆ ಬೇಹು. ಭಾರಿ ಕವಚದ ಬೇಹುಗಾಡಿ.

ಅಲ್ಲೇ 8.8 ಸೆಂಟಿಮೀಟರಿನ ಒಂದು ಗನ್ ಕೂಡ ಇದೆ. ಟೈಗರಿನ ಗನ್ನಿಗೆ ಮೂಲ ಆದ ಫ್ಲಾಕ್ ಜಾತಿಯದು. 1996ರಲ್ಲಿ ಒಂದು ತರಬೇತಿಗೆ ಅಂತ ಅಲ್ಲಿಗೆ ಹೋದಾಗ ಅದರ ಬ್ಯಾರೆಲ್ಲನ್ನು ತುದಿಯಿಂದ ಹಿಂದಿನ ತನಕ ಗೇಣು ಹಾಕಿ ಅಳೆದೆ. ನನ್ನ ಗೇಣು 22 ಸೆಂಟಿಮೀಟರ್. ಇಪ್ಪತ್ತೆರಡು ಗೇಣು, ಮೇಲೆ ನಾಲ್ಕು ಬೆರಳು ಬಂತು. ನೀವು ಹೋದಾಗ ಕಾವಲಿನವರ ಅಪ್ಪಣೆ ಕೇಳಿ ಅಳೆದು ನೋಡಿ, ಎಷ್ಟು ಬಂತು ಅಂತ ಬರೆಯಿರಿ.